ಬೇಕಂತಲೇ ತಡ

ತಮ್ಮ ತೀರಿಹೋದನೆಂಬ ಸುದ್ದಿ ಮುಟ್ಟಿದಾಗ ಮೇಸ್ತ್ರಿಯ ಕೈಯಲ್ಲಿ ಮರ ನಯಮಾಡುವ ಉಜ್ಜುಗೊರಡು ಇತ್ತು. ರಾತ್ರಿ ಎದೆನೋವೆಂದು ಆಸ್ಪತ್ರೆ ಸೇರಿದವನು ಬೆಳಗು ಕಾಣಲಿಲ್ಲ. "ದೇಹಾನ ಮಧ್ಯಾಹ್ನ ಒಪ್ಪಿಸ್ತಾರಂತೆ ದೊಡ್ಡಪ್ಪಾ, ಆಗ ಬನ್ನಿ" ಎಂದು ತಮ್ಮನ ಮಗಳು ಫೋನಿನಲ್ಲಿ ಅತ್ತಳು. ಮೇಸ್ತ್ರಿ ಉಜ್ಜುಗೊರಡನ್ನು ಕೆಳಗಿಟ್ಟು, ಅದೇ ಕಾರ್ಖಾನೆಯಲ್ಲಿದ್ದ ತಮ್ಮನ ಕೆಲಸದ ಮೇಜಿನ ಬಳಿ ಹೋಗಿ ನಿಂತರು.

ಮೇಜಿನ ಮೇಲೊಂದು ಕುರ್ಚಿ. ಕಾಲು, ಅಡ್ಡಪಟ್ಟಿಗಳಿಗೆಲ್ಲ ಅಂಟು ಹಾಕಿ, ಕ್ಲ್ಯಾಂಪು ಬಿಗಿದು, "ನಾಳೆ ಮಧ್ಯಾಹ್ನದವರೆಗೆ ಯಾರೂ ಮುಟ್ಟಬೇಡಿ" ಎಂದು ಹೇಳಿ ಅವನು ಹಿಂದಿನ ಸಂಜೆ ಮನೆಗೆ ಹೋಗಿದ್ದ.

ಮ್ಯಾನೇಜರ್ ಬಂದು ಹೆಗಲ ಮೇಲೆ ಕೈಯಿಟ್ಟ. ಒಳ್ಳೆಯವನಾಗಿದ್ದ ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಮೇಸ್ತ್ರಿ, ಅರ್ಜೆಂಟ್ ಕೆಲಸ ಬಂದಿದೆ. ಹೊಸ ಬಡಗಿ ಕಾಯ್ತಿದ್ದಾನೆ. ಮೇಜೂ ಬೇಕು, ಕ್ಲ್ಯಾಂಪೂ ಬೇಕು. ಇದನ್ನ ಬಿಚ್ಚಿಬಿಡಿ."

"ಅಂಟು ಇನ್ನೂ ಹಸಿ ಇದೆ, ಸ್ವಾಮಿ."

"ಬಿಟ್ಕೊಂಡ್ರೆ ಇನ್ನೊಬ್ಬ ಅಂಟಿಸ್ತಾನೆ. ನಿಲ್ಲಲ್ವಾ?"

"ಚೆನ್ನಾಗೇ ನಿಲ್ಲುತ್ತೆ. ಆದ್ರೆ ನನ್ನ ತಮ್ಮ ಮಾಡಿದ್ದು ಅಂತ ಅನ್ನಿಸ್ಕೊಳ್ಳಲ್ಲ."

ಮ್ಯಾನೇಜರ್ ಒಂದು ಸುತ್ತು ಹಾಕಿ ಬಂದ. ಮೇಸ್ತ್ರಿ ಕ್ಲ್ಯಾಂಪುಗಳ ಮೇಲಿನ ಮರದ ಪುಡಿಯನ್ನು ಬಟ್ಟೆಯಿಂದ ನಿಧಾನವಾಗಿ ಒರೆಸುತ್ತಿದ್ದರು. ಒಂದೂ ಸಡಿಲವಾಗಿರಲಿಲ್ಲ.

"ಯೂ ಆರ್ ಡ್ರ್ಯಾಗಿಂಗ್ ಯುವರ್ ಫೀಟ್!" ಎಂದು ಮ್ಯಾನೇಜರ್ ಕಿರುಚಿದ.

ಮೇಸ್ತ್ರಿ ಪಕ್ಕದಲ್ಲಿ ಪಾಲಿಶ್ ಹಚ್ಚುತ್ತಿದ್ದ ಹೆಂಗಸಿನತ್ತ ತಿರುಗಿದರು. ಆಕೆ ನಾಲ್ಕಕ್ಷರ ಇಂಗ್ಲಿಷ್ ಬಲ್ಲವಳು. "ಏನಂತಮ್ಮಾ ಅದು?"

"ಹೆಜ್ಜೆ ಕಿತ್ತಿಡದೆ ಕಾಲೆಳೀತಿದ್ದೀರಂತೆ, ಅಣ್ಣಾ. ಮನಸ್ಸಿಲ್ಲದ ಕೆಲಸಾನ ಬೇಕಂತಲೇ ತಡ ಮಾಡೋರಿಗೆ ಹಾಗಂತಾರೆ. ಬೈಗುಳ ಅಲ್ಲ, ಆದ್ರೆ ಹೊಗಳಿಕೆನೂ ಅಲ್ಲ."

"ಬೈಗುಳ ಯಾಕಾದೀತು? ಇದ್ದದ್ದನ್ನೇ ಹೇಳಿದ್ದಾರೆ." ಮೇಸ್ತ್ರಿ ಸ್ಟೂಲು ಎಳೆದುಕೊಂಡು ಮೇಜಿಗೆ ಅಡ್ಡವಾಗಿ ಕುಳಿತರು. "ಸ್ವಾಮಿ, ಇನ್ನೊಂದ್ಸಲ ಹೇಳಿ, ಬಾಯಿಪಾಠ ಮಾಡ್ಕೋತೀನಿ. ನಾಳೆ ನೀವು ಕೆಲಸದಿಂದ ತೆಗೆದ್ರೆ, ಯಾಕೆ ಅಂತ ಕೇಳಿದೋರಿಗೆ ಹೇಳೋಕೆ ಬೇಕಾಗುತ್ತೆ."

ಸುತ್ತಲಿನ ಗರಗಸಗಳು ಒಂದೊಂದಾಗಿ ನಿಂತವು. ಮ್ಯಾನೇಜರ್ ಎಲ್ಲರ ಮುಖ ನೋಡಿದ. ಯಾರೂ ತಲೆ ತಗ್ಗಿಸಲಿಲ್ಲ. ಬಾಗಿಲನ್ನು ದಡಾರನೆ ಎಳೆದುಕೊಂಡು ಅವನೇ ಹೊರಗೆ ಹೋದ.

ಆಗ ಮೇಸ್ತ್ರಿ ಕಣ್ಣು ಮುಚ್ಚಿ ಕೈ ಮುಗಿದರು.

"ದೇವರೇ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಹತ್ರನಾದ್ರೂ ಅವನಿಗೆ ಯಾರೂ ಬೇಗ ಬೇಗ ಅನ್ನದೆ ಇರಲಿ."