ಗುರುಸಿದ್ದಪ್ಪ ಕಾಕಾನ ಊಟ

ಗದಗಿನ ಕಥೆ-ಕವನ ಸ್ಪರ್ಧೆಯಲ್ಲಿ ಎಂದಿನಂತೆ ಪಾತ್ರಗಳೇ ಬರಹದಿಂದ ಇಳಿದುಬಂದು ವೇದಿಕೆ ಹತ್ತಬೇಕಿತ್ತು. ನನ್ನ ಕಥೆಯ ಆಟೋ ಚಾಲಕ ಗುರುಸಿದ್ದಪ್ಪ ಮಾತ್ರ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಏಳ್ರಿ ಕಾಕಾ, ಹೆಸರು ಕರದ್ರು! ನೀವು ಹೋಗಲಿಲ್ಲಂದ್ರ ನನ್ನ ಕಥಿ ಸ್ಪರ್ಧೆಯಿಂದ ಔಟ್!"

"ಐದು ಪುಟ ಆಟೋ ಹೊಡಿಸೀದಿ. ಒಂದು ತುತ್ತು ಊಟ ಬರದೀಯೇನವ್ವಾ?"

ಗಡಿಬಿಡಿಯಲ್ಲಿ ಮೊಬೈಲ್ ತೆಗೆದು ಕಥೆಗೆ ಒಂದು ಸಾಲು ಸೇರಿಸಿದೆ: ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತಕ್ಷಣ ಅವನ ಕೈಗೆ ತಾಟು ಬಂತು. ಗಬಗಬ ತಿಂದು, ಮೀಸೆ ಒರೆಸಿಕೊಂಡು ವೇದಿಕೆ ಹತ್ತಿದ. ಚಪ್ಪಾಳೆಯೋ ಚಪ್ಪಾಳೆ!

ಖುಷಿಯಲ್ಲಿ ಹಿಂದೆ ತಿರುಗಿದರೆ, ಉಳಿದವರ ಪಾತ್ರಗಳೆಲ್ಲ ಸಾಲಾಗಿ ನಿಂತಿದ್ದವು. ಮುಂದಿದ್ದವಳು ಯಾವುದೋ ವಿರಹ ಕವನದ ನಾಯಕಿ.

"ತಂಗೀ, ನಮ್ಮ ಕವಿ ಬರೇ ಕಣ್ಣೀರು ಬರದಾರ," ಎಂದಳು. "ನನಗೂ ಎರಡು ರೊಟ್ಟಿ ಬರಿಯವ್ವಾ."