ಗಿರಣಿಯ ಏಣಿ

"ಇಳೀತೀಯೋ, ಏಣಿ ಎಳೀಲೋ?" ಅಣ್ಣ ಕೆಳಗಿನಿಂದ ಗುಡುಗಿದ. ಹಳೆಯ ಹತ್ತಿ ಗಿರಣಿಯ ಮಾಡಿನ ಮೇಲೆ ಕೂತು ಮೊಳೆ ಹೊಡೆಯುತ್ತಿದ್ದ ಅವನ ತಮ್ಮ, ಬಡಗಿ, ತಲೆಯೆತ್ತಲಿಲ್ಲ. ಪಾಳುಬಿದ್ದ ಗಿರಣಿಯನ್ನು ಕೆಡವಿ ಕಲ್ಲು ಮಾರಬೇಕೆಂಬುದು ಅಣ್ಣನ ಹಟ. ಊರಿನವರು ಅದನ್ನೇ ದುರಸ್ತಿ ಮಾಡಿ ಮಳಿಗೆಗಳನ್ನು ತೆರೆಯಲು ಹೊರಟಿದ್ದರು.

"ಹಾಗಿದ್ರೆ ಅಲ್ಲೇ ಬಿದ್ದಿರು!" ಅಣ್ಣ ಏಣಿಯನ್ನು ನೆಲಕ್ಕೆ ಕೆಡವಿದ. ಬಡಗಿ ಹಲ್ಲುಕಚ್ಚಿ ಮುಂದಿನ ಮೊಳೆ ಹೊಡೆದ.

ಅಷ್ಟರಲ್ಲಿ ಬಂದ ಅತ್ತಿಗೆ ಗಂಡನ ಮುಖವನ್ನೂ ನೋಡದೆ ಏಣಿ ಎತ್ತಿ ನಿಲ್ಲಿಸಿದಳು; ಹೆಂಚಿನ ಬುಟ್ಟಿ ಹೊತ್ತು ಹತ್ತತೊಡಗಿದಳು.

"ನಿನಗೇನೇ ಇಲ್ಲಿ ಕೆಲಸ?"

"ಮೂಲೆ ಮಳಿಗೆ ನಂದು. ಹೊಲಿಗೆ ಮಿಷನ್ ಇಡ್ತೀನಿ. ಈಗ ಎಳೀರಿ, ನೋಡೋಣ!"

ಏಣಿ ಒಮ್ಮೆ ಜಾರಿತು. ಅಣ್ಣ ಬೈಯುತ್ತಲೇ ಅದನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.