ಗುಡ್ಡದ ಮೂರು ದಾರಿ

ಬೇಸಿಗೆಯಿಡೀ ಊರಾಚೆಯ ಗುಡ್ಡ ಅಲೆದು, ಮೊಣಕಾಲು ತರಚಿಕೊಂಡು, ಸೈಕಲ್ ಸಂಘದ ಕಾರ್ಯದರ್ಶಿ ಸಾಹಸ ಸವಾರಿಗೆಂದು ಮೂರು ಕಚ್ಚಾ ದಾರಿ ಹುಡುಕಿದ್ದ. ಹೊಸಬರಿಗೆ ಮೆತ್ತನೆಯ ಮಣ್ಣಿನದು, ಪಳಗಿದವರಿಗೆ ಕಲ್ಲಿನದು, ಎಂಟೆದೆ ಇದ್ದವರಿಗೆ ಕೊರಕಲಿನದು ಎಂದು ಬೋರ್ಡನ್ನೂ ನೆಟ್ಟಿದ್ದ. "ಇವನ್ನ ಯಾರೂ ಹಾಳು ಮಾಡ್ದಂಗೆ ನೋಡ್ಕೊಳ್ಳಿ ಸಾರ್" ಎಂದು ಶಾಸಕರ ಕಿವಿಗೆ ಹಾಕಿದ್ದೇ ತಪ್ಪಾಯಿತು. ತಂಗಿಯ ಮದುವೆ ಮುಗಿಸಿ ಬರುವಷ್ಟರಲ್ಲಿ ಮೂರಕ್ಕೂ ಕರ್ರಗೆ ಡಾಂಬರು ಬಿದ್ದಿತ್ತು.

"ಅಯ್ಯೋ, ಒಂದು ಗುಂಡೀನೂ ಉಳಿಸಿಲ್ವಲ್ರೀ!" ಕಾರ್ಯದರ್ಶಿ ತಲೆಯ ಮೇಲೆ ಕೈ ಹೊತ್ತು ಕುಳಿತ. "ನಮ್ಮ ಪಳಗಿದೋರು ಇನ್ನೆಲ್ಲಿ ಸೈಕಲ್ ತುಳೀಬೇಕು?"

ರಸ್ತೆ ಮಾಡಿಸಿದ ಗುತ್ತಿಗೆದಾರ ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ.

"ಇಲ್ಲೇ ತುಳೀಲಿ ಸಾರ್. ಒಂದೇ ಒಂದು ಮಳೆ ಬೀಳ್ಲಿ, ಹೊಸಬರ ದಾರಿಗೂ ಎಂಟೆದೆ ಬೇಕಾಗುತ್ತೆ."